ನಾಗರಿಕ ವಿಮಾನಗಳ ದೊಡ್ಡ ಮಾದರಿಗಳು: ಇತಿಹಾಸದ ಆಧಾರವಾಗಿ ಅವುಗಳ ಬೆಲೆ

ಇತಿಹಾಸಕಾರನು ಆಧಾರವಾಗಿ ಬಳಸುವ ಸಾಮಗ್ರಿಗಳಲ್ಲಿ ಶಾಸನ, ನಾಣ್ಯ, ಕಡತ, ಕಟ್ಟಡ ಇವುಗಳಿಗೆ ಮೊದಲಿನಿಂದಲೂ ಮಾನ್ಯತೆಯುಂಟು. ಯಂತ್ರಯುಗದ ಇತಿಹಾಸವನ್ನು ಬರೆಯಹೊರಟವನಿಗೆ ಇನ್ನೊಂದು ಬಗೆಯ ಸಾಮಗ್ರಿಯೂ ಎದುರಾಗುತ್ತದೆ. ಅದೇ ಮಾದರಿ, ಎಂದರೆ ಒಂದು ಯಂತ್ರವನ್ನು ಗೊತ್ತಾದ ಪ್ರಮಾಣದಲ್ಲಿ ಕುಗ್ಗಿಸಿ ಕಟ್ಟಿದ ರೂಪ. ವಿಮಾನಗಳ ಮಾದರಿಗಳನ್ನು ಮಕ್ಕಳ ಆಟಿಕೆಯೆಂದೋ ಹವ್ಯಾಸಿಗಳ ವಿನೋದವೆಂದೋ ಬದಿಗಿಡುವುದು ವಿದ್ವಾಂಸರಲ್ಲಿ ವಾಡಿಕೆ. ಆದರೆ ಪ್ರಯಾಣಿಕರನ್ನು ಸಾಗಿಸುತ್ತಿದ್ದ ಹಲವು ವಿಮಾನಜಾತಿಗಳು ಇಂದು ಒಂದೂ ಉಳಿಯದೆ ಹೋಗಿವೆ. ಅವುಗಳ ಉದ್ದ, ಅಗಲ, ಎತ್ತರಗಳನ್ನು ಒಟ್ಟಿಗೆ ಕಣ್ಣಿಗೆ ತೋರಿಸುವ ವಸ್ತು ಮಾದರಿಯೊಂದೇ. ಹೀಗಿರಲು ಅದನ್ನು ಎಷ್ಟರಮಟ್ಟಿಗೆ ನಂಬಬಹುದೆಂಬ ಪ್ರಶ್ನೆ ಅಲಕ್ಷಿಸತಕ್ಕದ್ದಲ್ಲ. ಇದನ್ನು ಕೆಲವು ನಿದರ್ಶನಗಳ ಮೂಲಕ ಇಲ್ಲಿ ವಿವೇಚಿಸುತ್ತೇವೆ.

1. ವಿಮಾನಕ್ಕಿಂತ ಮೊದಲು ಮಾದರಿ

ಸಾಮಾನ್ಯವಾಗಿ ಮೂಲವಸ್ತು ಮೊದಲು, ಅದರ ಪ್ರತಿರೂಪ ಅನಂತರ. ವಿಮಾನದ ವಿಷಯದಲ್ಲಿ ಈ ಕ್ರಮ ತಲೆಕೆಳಗಾಗಿದೆ. ಇಂಗ್ಲೆಂಡಿನ ವಿಲಿಯಂ ಸ್ಯಾಮ್ಯುಯೆಲ್ ಹೆನ್ಸನ್ 1842ರಲ್ಲಿ ಹಬೆಯಂತ್ರದಿಂದ ನಡೆಯುವ ವಾಯುರಥವೊಂದನ್ನು ಕಲ್ಪಿಸಿ ಅದಕ್ಕೆ ಹಕ್ಕುಪತ್ರ ಕೋರಿದನು. ಅದರ ರೆಕ್ಕೆಯ ಹರವು 150 ಅಡಿ. ಯುದ್ಧವು ಅದರ ಉದ್ದೇಶವಾಗಿರಲಿಲ್ಲ. ಜನರನ್ನೂ ಸರಕನ್ನೂ ಟಪಾಲನ್ನೂ ದೇಶದೇಶಗಳಿಗೆ ಸಾಗಿಸುವುದೇ ಉದ್ದೇಶವಾಗಿತ್ತು. ಅದಕ್ಕಾಗಿ ಒಂದು ಕಂಪನಿಯನ್ನು ಸ್ಥಾಪಿಸುವ ಪ್ರಯತ್ನವೂ 1843ರಲ್ಲಿ ನಡೆಯಿತು. ಆ ವಾಯುರಥವು ಪಿರಮಿಡ್ಡುಗಳ ಮೇಲೆ ತೇಲುತ್ತಿರುವಂತೆ ತೋರಿಸುವ ಚಿತ್ರಗಳು ಅಚ್ಚಾಗಿ ಹರಡಿದುವು. ಅದನ್ನು ಹಾಸ್ಯಮಾಡಿದವರೂ ಕಡಮೆಯಿರಲಿಲ್ಲ. ಆದಕಾರಣ ನಾಗರಿಕ ವಿಮಾನದ ಕಲ್ಪನೆಯು ವಿಮಾನಕ್ಕಿಂತ 60 ವರ್ಷ ಹಿರಿಯದೆಂದು ಹೇಳಬಹುದು.

ಆ ವಾಯುರಥವನ್ನು ಯಾರೂ ಕಟ್ಟಲಿಲ್ಲ. ಆದರೆ ಹೆನ್ಸನ್ನನೂ ಅವನ ಜೊತೆಗಾರ ಜಾನ್ ಸ್ಟ್ರಿಂಗ್‌ಫೆಲೋವನೂ ಸೇರಿ 20 ಅಡಿ ಹರವಿನ ಮಾದರಿಯೊಂದನ್ನು ಕಟ್ಟಿ 1847ರ ವರೆಗೆ ಪರೀಕ್ಷಿಸಿದರು. ಅದು ಹಾರಲಿಲ್ಲ. ಹೆನ್ಸನ್ನನು ನಿರಾಶನಾಗಿ ಅಮೆರಿಕೆಗೆ ವಲಸೆ ಹೋದನು. ಸ್ಟ್ರಿಂಗ್‌ಫೆಲೋ 1848ರಲ್ಲಿ ಸುಮಾರು 10 ಅಡಿ ಹರವಿನ ಇನ್ನೊಂದು ಮಾದರಿಯನ್ನು ಚಾರ್ಡ್ ಎಂಬ ಊರಿನಲ್ಲಿ, ಬಳಕೆಯಲ್ಲಿಲ್ಲದ ಕಸೂತಿ ಗಿರಣಿಯೊಂದರ ಒಳಗೆ, ತಂತಿಯೊಂದರ ಆಸರೆಯಿಂದ ಓಡಿಸಿ ಬಿಟ್ಟನು. ತಂತಿಯಿಂದ ಕಳಚಿಕೊಂಡ ಮೇಲೆ ಅದು ನಿಜವಾಗಿ ಸ್ವಶಕ್ತಿಯಿಂದ ಹಾರಿತೇ, ಇಲ್ಲವೆ ತೇಲಿ ಇಳಿಯಿತೇ ಎಂಬುದರಲ್ಲಿ ವಿದ್ವಾಂಸರಿಗೆ ಇಂದಿಗೂ ಒಮ್ಮತವಿಲ್ಲ. ಈ ಭಿನ್ನಾಭಿಪ್ರಾಯವೇ ನಮ್ಮ ವಿಷಯಕ್ಕೆ ಪ್ರಸ್ತುತವಾದುದು. ಮಾದರಿಯ ಅಳತೆಯನ್ನು ತೆಗೆಯಬಹುದು, ಯಂತ್ರವನ್ನು ತೂಗಬಹುದು. ಆದರೆ ಆ ದಿನ ಗಿರಣಿಯಲ್ಲಿ ನಡೆದುದೇನೆಂಬುದನ್ನು ಮಾದರಿ ಹೇಳಲಾರದು. ವಸ್ತುವಿನ ಸಾಕ್ಷ್ಯಕ್ಕೂ ಘಟನೆಯ ಸಾಕ್ಷ್ಯಕ್ಕೂ ಇರುವ ಈ ಅಂತರವನ್ನು ಮೊದಲಲ್ಲಿಯೇ ಗುರುತಿಸಿಕೊಳ್ಳಬೇಕು.

2. ಪರೀಕ್ಷೆಯ ಸಾಧನವಾಗಿ ಮಾದರಿ

ವಿಮಾನ ಹುಟ್ಟಿದ ಮೇಲೂ ಮಾದರಿಯ ಕೆಲಸ ಮುಗಿಯಲಿಲ್ಲ. ರೈಟ್ ಸೋದರರು 1901ರಲ್ಲಿಯೇ ಚಿಕ್ಕ ವಾಯುಸುರಂಗವೊಂದನ್ನು ಕಟ್ಟಿ ಅದರಲ್ಲಿ ರೆಕ್ಕೆಗಳ ಪುಟ್ಟ ಮಾದರಿಗಳನ್ನಿಟ್ಟು ಗಾಳಿಯ ಒತ್ತಡವನ್ನು ಅಳೆದಿದ್ದರು. ನಾಗರಿಕ ವಿಮಾನಗಳಲ್ಲಿ ಇದಕ್ಕೆ ಉತ್ತಮ ನಿದರ್ಶನ ಅಮೆರಿಕೆಯ ಡಗ್ಲಾಸ್ ಡಿಸಿ-1. ಅದರ ಮಾದರಿಯನ್ನು ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆಯ ವಾಯುಸುರಂಗದಲ್ಲಿ ಪರೀಕ್ಷಿಸಿದಾಗ, ಯೋಜಿಸಿದಂತೆ ಕಟ್ಟಿದರೆ ವಿಮಾನವು ಸ್ಥಿರವಾಗಿ ಹಾರದೆಂಬುದು ತಿಳಿಯಿತು. ರೆಕ್ಕೆಯ ಹೊರಭಾಗವನ್ನು ಹಿಂದಕ್ಕೆ ಬಾಗಿಸಿ ದೋಷವನ್ನು ಸರಿಪಡಿಸಿದರು. ವಿಮಾನವು 1933ರ ಜುಲೈ 1ರಂದು ಹಾರಿತು. ಅದರ ವಂಶದಲ್ಲಿ 1935ರಲ್ಲಿ ಹುಟ್ಟಿದ ಡಿಸಿ-3ನ್ನೇ ನಮ್ಮ ದೇಶದವರು ಡಕೋಟ ಎಂಬ ಹೆಸರಿನಿಂದ ಅರಿತರು. ಎರಡನೆಯ ಮಹಾಯುದ್ಧದ ತರುವಾಯ ಸೈನ್ಯ ಬಿಟ್ಟುಕೊಟ್ಟ ಡಕೋಟಗಳನ್ನು ಪ್ರಯಾಣಿಕ ಸೇವೆಗೆ ಅಣಿಮಾಡುವ ಕೆಲಸ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿಯೂ ನಡೆಯಿತು. ಡಕೋಟದ ಹಿಂದಕ್ಕೆ ಬಾಗಿದ ರೆಕ್ಕೆಯ ಅಂಚಿನಲ್ಲಿ ಒಂದು ಮಾದರಿಯ ಕಥೆ ಅಡಗಿದೆಯೆಂಬುದನ್ನು ಅದರಲ್ಲಿ ಪಯಣಿಸಿದವರಲ್ಲಿ ಎಷ್ಟು ಮಂದಿ ಅರಿತಿದ್ದರೋ!

ಮಾದರಿಯು ನಿರ್ಮಾಣಕ್ಕೆ ಮಾತ್ರವಲ್ಲ, ದುರಂತದ ತನಿಖೆಗೂ ನೆರವಾಯಿತು. ಪ್ರಪಂಚದ ಮೊದಲ ಜೆಟ್ ಪ್ರಯಾಣಿಕ ವಿಮಾನವಾದ ಕಾಮೆಟ್ 1952ರ ಮೇ 2ರಂದು ಸೇವೆಗೆ ಇಳಿಯಿತು. ಸರಿಯಾಗಿ ಒಂದು ವರ್ಷಕ್ಕೆ, 1953ರ ಮೇ 2ರಂದು, ಒಂದು ಕಾಮೆಟ್ ಕಲ್ಕತ್ತೆಯ ಬಳಿ ಬಿರುಗಾಳಿಗೆ ಸಿಕ್ಕಿ ಮುರಿದುಬಿದ್ದು 43 ಮಂದಿ ಮಡಿದರು. 1954ರ ಜನವರಿ 10ರಂದು ಎಲ್ಬಾ ದ್ವೀಪದ ಬಳಿ 35 ಮಂದಿಯೂ, ಏಪ್ರಿಲ್ 8ರಂದು ನೇಪಲ್ಸ್ ಬಳಿ 21 ಮಂದಿಯೂ ಸತ್ತರು. ಫಾರ್ನ್‌ಬರೋದ ವಿಜ್ಞಾನಿಗಳು ನಿಜವಾದ ಕಾಮೆಟ್ ಒಂದರ ಒಡಲನ್ನು ನೀರಿನ ತೊಟ್ಟಿಯಲ್ಲಿಟ್ಟು, ಅದರೊಳಗಿನ ಒತ್ತಡವನ್ನು ಮತ್ತೆ ಮತ್ತೆ ಏರಿಸಿ ಇಳಿಸಿ, ಲೋಹವು ದಣಿದು ಬಿರಿಯುವುದನ್ನು ತೋರಿಸಿಕೊಟ್ಟರು. ಇದು ಎಲ್ಲರೂ ಬಲ್ಲ ವಿಷಯ. ಅದರ ಜೊತೆಗೆ ಪಾರದರ್ಶಕವಾದ ಮಾದರಿಯೊಂದನ್ನೂ ಅವರು ಮಾಡಿ, ಒಳಗೆ ಪುಟ್ಟ ಆಸನಗಳನ್ನೂ ಗೊಂಬೆಗಳನ್ನೂ ಕೂಡಿಸಿ, ಒತ್ತಡದಿಂದ ಅದನ್ನು ಒಡೆಯಿಸಿ ಚಲಚ್ಚಿತ್ರ ತೆಗೆದರು. ಮೃತರ ದೇಹಗಳಲ್ಲಿ ಕಂಡ ಗಾಯಗಳು ಹೇಗಾದುವೆಂಬುದಕ್ಕೆ ಅದರಿಂದ ವಿವರಣೆ ದೊರೆಯಿತು. ಲೋಹದ ದಣಿವನ್ನು ಮಾದರಿಯಿಂದ ಅರಿಯಲಾಗುತ್ತಿರಲಿಲ್ಲ, ಅದಕ್ಕೆ ನಿಜವಾದ ಒಡಲೇ ಬೇಕಾಯಿತು. ಒಳಗಿದ್ದವರಿಗೆ ಆ ಕ್ಷಣದಲ್ಲಿ ಏನಾಯಿತೆಂಬುದನ್ನು ತೋರಿಸುವುದಕ್ಕೆ ಮಾದರಿಯೇ ಬೇಕಾಯಿತು. ಒಂದೊಂದು ಸಾಮಗ್ರಿ ಒಂದೊಂದು ಪ್ರಶ್ನೆಗೆ ಉತ್ತರ ಕೊಡುತ್ತದೆ.

3. ಪ್ರಮಾಣದ ವಿಚಾರ

1930ರ ದಶಕದಲ್ಲಿ ಮಾದರಿಯು ಮನೆಗಳನ್ನು ಹೊಕ್ಕಿತು. ಬ್ರಿಟನ್ನಿನಲ್ಲಿ 1932ರಲ್ಲಿ ಸ್ಕೈಬರ್ಡ್ಸ್ ಎಂಬ ಮರ ಮತ್ತು ಲೋಹದ ಜೋಡಣೆಯ ಮಾದರಿಗಳೂ, 1936ರಲ್ಲಿ ಫ್ರಾಗ್ ಪೆಂಗ್ವಿನ್ ಎಂಬ ಪ್ಲಾಸ್ಟಿಕ್ ಮಾದರಿಗಳೂ ಮಾರಾಟಕ್ಕೆ ಬಂದುವು. ಎರಡೂ 1:72ರ ಪ್ರಮಾಣದವು. ಈ ಅಂಕಿ ಆಕಸ್ಮಿಕವಲ್ಲ. ಆರು ಅಡಿಗೆ ಒಂದು ಅಂಗುಲವೆಂಬ ಲೆಕ್ಕದಿಂದ ಬಂದುದು. ಹನ್ನೆರಡು ಅಡಿಗೆ ಒಂದು ಅಂಗುಲವಾದರೆ 1:144, ಎರಡು ಅಡಿಗೆ ಒಂದು ಅಂಗುಲವಾದರೆ 1:24. ಯುದ್ಧವಿಮಾನಗಳು ಗಾತ್ರದಲ್ಲಿ ಚಿಕ್ಕವಾದುದರಿಂದ 1:72 ಅವುಗಳಿಗೆ ಒಗ್ಗಿತು. ಪ್ರಯಾಣಿಕ ವಿಮಾನಗಳು ದೊಡ್ಡವಾದುದರಿಂದ ಅಂಗಡಿಯ ಮಾದರಿಗಳು ಬಹುಮಟ್ಟಿಗೆ 1:144ಕ್ಕೆ ಇಳಿದುವು. ನಾಗರಿಕ ವಿಮಾನಗಳ ದೊಡ್ಡ ಮಾದರಿಗಳು ವಿರಳವಾಗಿರಲು ಇದೇ ಮುಖ್ಯ ಕಾರಣ.

ಹ್ಯಾಂಡ್ಲಿ ಪೇಜ್ ಎಚ್.ಪಿ. 42 ಎಂಬ ವಿಮಾನವನ್ನು ತೆಗೆದುಕೊಂಡು ಇದನ್ನು ಪರಿಶೀಲಿಸೋಣ. ಇಂಪೀರಿಯಲ್ ಏರ್‌ವೇಸ್ ಸಂಸ್ಥೆ 1931ರಲ್ಲಿ ಸೇವೆಗೆ ತಂದ ಈ ಜೋಡಿರೆಕ್ಕೆಯ ವಿಮಾನಕ್ಕೆ ನಾಲ್ಕು ಯಂತ್ರಗಳು. ಎರಡು ಮೇಲಿನ ರೆಕ್ಕೆಯಲ್ಲಿ, ಎರಡು ಕೆಳಗಿನದರಲ್ಲಿ. ರೆಕ್ಕೆಯ ಹರವು 130 ಅಡಿ. 1:144ರಲ್ಲಿ ಇದು 11 ಅಂಗುಲಕ್ಕೂ ಕಡಮೆ. ಮೇಜಿನ ಮೂಲೆಯಲ್ಲಿ ಇಡಬಹುದು. 1:24ರಲ್ಲಿ 5 ಅಡಿ 5 ಅಂಗುಲ. ಅದಕ್ಕೆ ಒಂದು ಕೋಣೆಯೇ ಬೇಕು. ಉದ್ದದಲ್ಲಿ ಆರರಷ್ಟಾದರೆ ಮೈಯ ವಿಸ್ತಾರ 36ರಷ್ಟು, ಗಾತ್ರ 216ರಷ್ಟು ಆಗುತ್ತದೆ. ಖರ್ಚೂ ಶ್ರಮವೂ ಇದಕ್ಕನುಗುಣವಾಗಿ ಬೆಳೆಯುತ್ತವೆ.

ಇಷ್ಟು ಕಷ್ಟದ ಫಲವೇನು? ಸತ್ಯಕ್ಕೆ ಹತ್ತಿರವಾಗುವುದೇ ಫಲ. ಪ್ಲಾಸ್ಟಿಕ್ ರೆಕ್ಕೆಯ ಅಂಚು ಅರ್ಧ ಮಿಲಿಮೀಟರ್ ದಪ್ಪವಾಗಿದ್ದರೆ 1:144ರ ಲೆಕ್ಕದಲ್ಲಿ ಅದು 72 ಮಿಲಿಮೀಟರಿನ ಅಂಚಾಗುತ್ತದೆ. ಎಂದರೆ ಸುಮಾರು ಮೂರು ಅಂಗುಲದ ಮೊಂಡು ಹಲಗೆ. ಅದೇ ದಪ್ಪ 1:24ರಲ್ಲಿ 12 ಮಿಲಿಮೀಟರಷ್ಟೆ. ಎಚ್.ಪಿ. 42ರ ಒಡಲಿನ ಮುಂಭಾಗಕ್ಕೆ ಸುಕ್ಕುಗಟ್ಟಿದ ಲೋಹದ ತಗಡು, ಹಿಂಭಾಗಕ್ಕೆ ಬಟ್ಟೆಯ ಹೊದಿಕೆ. ಚಿಕ್ಕ ಮಾದರಿಯಲ್ಲಿ ಈ ಸುಕ್ಕುಗಳನ್ನು ಉತ್ಪ್ರೇಕ್ಷಿಸಬೇಕು, ಇಲ್ಲವೆ ಬಿಡಬೇಕು, ಎರಡೂ ಅಸತ್ಯವೇ. ಇದಲ್ಲದೆ ಆ ಕಾಲದ ಇತರ ಜೋಡಿರೆಕ್ಕೆಯ ವಿಮಾನಗಳಲ್ಲಿ ರೆಕ್ಕೆಗಳ ನಡುವೆ ಬಿಗಿತಂತಿಗಳಿದ್ದರೆ, ಇದರಲ್ಲಿ ತ್ರಿಕೋನಾಕಾರವಾಗಿ ಜೋಡಿಸಿದ ಓರೆಕಂಬಗಳೇ ಆ ಕೆಲಸವನ್ನು ಮಾಡುತ್ತಿದ್ದುವು. ಅಭ್ಯಾಸಬಲದಿಂದ ತಂತಿ ಕಟ್ಟಿದ ಮಾದರಿಕಾರನು ಒಂದು ಸುಳ್ಳು ಶಾಸನವನ್ನು ಕೆತ್ತಿದಂತೆಯೇ ಸರಿ.

4. ಮೂಲವಿಲ್ಲದ ಪ್ರತಿರೂಪ

ಎಚ್.ಪಿ. 42ನ್ನು ಆರಿಸಿಕೊಂಡುದಕ್ಕೆ ಇನ್ನೊಂದು ಕಾರಣವಿದೆ. ಈ ಜಾತಿಯವು ಕಟ್ಟಲ್ಪಟ್ಟುವು ಎಂಟೇ. ಅವುಗಳಲ್ಲಿ ನಾಲ್ಕು ಪೂರ್ವದೇಶಗಳ ದಾರಿಗೆ ಮೀಸಲಾಗಿ ಕೈರೋದಿಂದ ಕರಾಚಿಯ ವರೆಗೆ ಓಡಾಡುತ್ತಿದ್ದುವು. ಆ ಮಾರ್ಗದಲ್ಲಿ ಕರಾಚಿಗೆ ಬಂದ ಟಪಾಲನ್ನೇ ಜೆ. ಆರ್. ಡಿ. ಟಾಟಾ ಅವರು 1932ರ ಅಕ್ಟೋಬರ್ 15ರಂದು ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಅಹಮದಾಬಾದಿನ ಮೂಲಕ ಮುಂಬಯಿಗೆ ತಂದರು. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಅವರು ಅದನ್ನು ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. ಹೀಗೆ ನಮ್ಮ ಬಳ್ಳಾರಿಯೂ ಭಾರತದ ನಾಗರಿಕ ವಿಮಾನಯಾನದ ಮೊದಲ ಪುಟದಲ್ಲಿಯೇ ಸೇರಿದೆ.

ಎಂಟರಲ್ಲಿ ಹ್ಯಾನಿಬಲ್ ಎಂಬುದು 1940ರ ಮಾರ್ಚ್ 1ರಂದು ಓಮಾನ್ ಕೊಲ್ಲಿಯ ಮೇಲೆ ಹಾರುತ್ತಿದ್ದಾಗ ಕಣ್ಮರೆಯಾಯಿತು. ಮದರಾಸಿನ ಪ್ರಸಿದ್ಧ ರಾಜಕಾರಣಿ ಸರ್ ಎ. ಟಿ. ಪನ್ನೀರ್‌ಸೆಲ್ವಂ ಅವರೂ ಅದರಲ್ಲಿದ್ದರು. ಉಳಿದವು ಬಿರುಗಾಳಿ, ಅಪಘಾತ, ಯುದ್ಧಕಾಲದ ದುಡಿತ ಇವುಗಳಿಂದ ನಾಶವಾಗಿ, ಇಂದು ಪ್ರಪಂಚದ ಯಾವ ವಸ್ತುಸಂಗ್ರಹಾಲಯದಲ್ಲಿಯೂ ಒಂದು ಪೂರ್ಣ ವಿಮಾನವಿಲ್ಲ. ಅಟ್ಲಾಂಟಿಕ್ ಮತ್ತು ಶಾಂತಸಾಗರಗಳನ್ನು ದಾಟುತ್ತಿದ್ದ ಬೋಯಿಂಗ್ 314 ಜಲವಿಮಾನದ ಗತಿಯೂ ಇದೇ. ಕಟ್ಟಿದ 12ರಲ್ಲಿ ಒಂದೂ ಉಳಿದಿಲ್ಲ. ಐರ್ಲೆಂಡಿನ ಫಾಯ್ನ್ಸ್‌ನಲ್ಲಿ ಜನರು ಹತ್ತಿ ನೋಡುವುದು ಅದರ ಪೂರ್ಣಪ್ರಮಾಣದ ಪ್ರತಿಕೃತಿಯನ್ನು. ಯುದ್ಧವಿಮಾನಕ್ಕೆ ಸ್ಮಾರಕವಾಗುವ ಭಾಗ್ಯವುಂಟು. ಪ್ರಯಾಣಿಕ ವಿಮಾನವು ವ್ಯಾಪಾರದ ಸಾಧನ, ಲಾಭ ತಾರದಾದೊಡನೆ ಅದು ಗುಜರಿಯ ಪಾಲು. ಆದ್ದರಿಂದಲೇ ನಾಗರಿಕ ವಿಮಾನಗಳ ವಿಷಯದಲ್ಲಿ ಮಾದರಿಯ ಹೊಣೆ ಹೆಚ್ಚಿನದು.

ಮಾದರಿಯೂ ಶಾಶ್ವತವಲ್ಲ. ಪೆಂಗ್ವಿನ್ ಮಾದರಿಗಳಿಗೆ ಬಳಸಿದ ಸೆಲ್ಯುಲೋಸ್ ಅಸಿಟೇಟ್ ಕಾಲಕ್ರಮದಲ್ಲಿ ಕುಗ್ಗಿ ಸೊಟ್ಟಗಾಗುತ್ತದೆ. ಯುದ್ಧಪೂರ್ವದ ಡಿಂಕಿ ಆಟಿಕೆಗಳ ಸತುವಿನ ಮಿಶ್ರಲೋಹ, ಅದರಲ್ಲಿ ಸೀಸದಂತಹ ಕಲ್ಮಷ ಸೇರಿದ್ದರೆ, ಬಿರುಕುಬಿಟ್ಟು ಪುಡಿಯಾಗುತ್ತದೆ. ಸೊಟ್ಟಗಾದ ರೆಕ್ಕೆಯನ್ನು ಅಳೆದು ಮೂಲವಿಮಾನದ ಆಕಾರವನ್ನು ನಿರ್ಣಯಿಸಹೊರಟರೆ ಅನರ್ಥವಾದೀತು.

5. ಪರೀಕ್ಷೆಯ ಕ್ರಮ

ಹಾಗಾದರೆ ಮಾದರಿಯನ್ನು ಆಧಾರವಾಗಿ ಸ್ವೀಕರಿಸುವ ಕ್ರಮವೇನು? ತಾಮ್ರಪಟವನ್ನು ಪರೀಕ್ಷಿಸುವವರು ಕೇಳುವ ಪ್ರಶ್ನೆಗಳನ್ನೇ ಇಲ್ಲಿಯೂ ಕೇಳಬೇಕೆಂದು ನಾವು ಸೂಚಿಸುತ್ತೇವೆ. ಇದನ್ನು ಮಾಡಿದವರಾರು? ಯಾವಾಗ? ಯಾವ ಉದ್ದೇಶಕ್ಕೆ? ಯಾವ ನಕ್ಷೆ, ಯಾವ ಛಾಯಾಚಿತ್ರವನ್ನು ನೋಡಿ?

ಇವುಗಳಲ್ಲಿ ಉದ್ದೇಶದ ಪ್ರಶ್ನೆ ಎಲ್ಲಕ್ಕಿಂತ ಮುಖ್ಯವಾದುದು. ವಾಯುಸುರಂಗದ ಮಾದರಿಯಲ್ಲಿ ಹೊರ ಆಕಾರ ನಿಖರ. ಆದರೆ ಕಿಟಕಿ, ಬಣ್ಣ, ಆಸನಗಳಿರುವುದಿಲ್ಲ. ಪ್ರಚಾರಕ್ಕಾಗಿ ಮಾಡಿದ ಮಾದರಿಯಲ್ಲಿ ಬಣ್ಣವೂ ಒಳಾಂಗಣವೂ ಸೊಗಸಾಗಿರುತ್ತವೆ. ಆದರೆ ಅದು ತೋರಿಸುವುದು ವಿಮಾನ ಇದ್ದಂತೆ ಅಲ್ಲ, ಇರಬೇಕೆಂದು ಸಂಸ್ಥೆ ಬಯಸಿದಂತೆ. ಬೋಯಿಂಗ್ 2707 ಎಂಬ ಶಬ್ದಾತೀತ ವೇಗದ ಪ್ರಯಾಣಿಕ ವಿಮಾನಕ್ಕೆ ಹಲವು ದೇಶಗಳ ಸಂಸ್ಥೆಗಳು ಮುಂಗಡ ಸ್ಥಾನ ಕಾದಿರಿಸಿದ್ದುವು. ಏರ್ ಇಂಡಿಯಾ ಸಹ ಅವುಗಳಲ್ಲೊಂದು. 1971ರಲ್ಲಿ ಯೋಜನೆ ರದ್ದಾಯಿತು. ವಿಮಾನ ಹಾರಲೇ ಇಲ್ಲ. ಅದರ ಮಾದರಿಯನ್ನು ಏರ್ ಇಂಡಿಯಾದ ಬಣ್ಣಗಳಲ್ಲಿ ಕಂಡ ಮುಂದಿನ ಕಾಲದವನು ಅಂತಹ ವಿಮಾನ ಮುಂಬಯಿಯಿಂದ ಹಾರುತ್ತಿತ್ತೆಂದು ಬರೆದರೆ ಅದು ತಪ್ಪು ಇತಿಹಾಸ. ಅಂತಹ ಒಂದು ಆಸೆ ಇತ್ತೆಂದು ಬರೆದರೆ ಒಳ್ಳೆಯ ಇತಿಹಾಸ. ಮಾದರಿ ಸುಳ್ಳಾಡಲಿಲ್ಲ, ಅದನ್ನು ಓದುವ ಬಗೆಯಲ್ಲಿ ಸತ್ಯಾಸತ್ಯಗಳಿವೆ.

ಹವ್ಯಾಸಿ ಸಂಗ್ರಾಹಕರ ಕೆಲಸವನ್ನು ನಾವು ಇಲ್ಲಿ ಗೌರವದಿಂದ ನೆನೆಯಬೇಕು. ಒಂದು ವಿಮಾನದ ಬಾಗಿಲು ಯಾವ ಪಕ್ಕದಲ್ಲಿತ್ತು, ನೋಂದಣಿಯ ಅಕ್ಷರಗಳು ಯಾವ ವರ್ಷ ಬದಲಾದುವು ಎಂಬ ವಿವರಗಳಿಗಾಗಿ ಅವರು ಪಡುವ ಶ್ರಮ ಶಾಸನಪಾಠವನ್ನು ತಿದ್ದುವವರ ಶ್ರಮಕ್ಕೆ ಕಡಮೆಯದಲ್ಲ. ಕೊರತೆಯಿರುವುದು ದಾಖಲೆಯಲ್ಲಿ. ಮಾದರಿ ಮುಗಿದ ಮೇಲೆ ಅದಕ್ಕೆ ಆಧಾರವಾದ ನಕ್ಷೆ, ಪತ್ರ, ಚಿತ್ರಗಳು ಚದುರಿಹೋಗುತ್ತವೆ. ಯಾವ ಭಾಗ ಆಧಾರಸಹಿತ, ಯಾವುದು ಊಹೆ ಎಂಬುದು ಮಾಡಿದವನೊಡನೆಯೇ ಅಳಿಯುತ್ತದೆ.

ಬೆಂಗಳೂರು ವಿಮಾನವಿದ್ಯೆಗೆ ಹೆಸರಾದ ನಗರ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರಲ್ಲಿಯೇ ಈ ವಿಭಾಗ ಆರಂಭವಾಯಿತು. ಹಿಂದೂಸ್ತಾನ್ ಕಾರ್ಖಾನೆಯಲ್ಲಿ ಹುಟ್ಟಿ 1958ರಲ್ಲಿ ಮೊದಲು ಹಾರಿದ ಪುಷ್ಪಕ್ ಎಂಬ ಎರಡು ಆಸನಗಳ ನಾಗರಿಕ ವಿಮಾನ ನಮ್ಮ ಹಾರಾಟ ಸಂಘಗಳಲ್ಲಿ ಅನೇಕರಿಗೆ ವಿದ್ಯೆ ಕಲಿಸಿತು. ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ರೈಟ್ ಸೋದರರ ವಿಮಾನದ ಪೂರ್ಣಪ್ರಮಾಣದ ಪ್ರತಿಕೃತಿಯನ್ನು ವಿದ್ಯಾರ್ಥಿಗಳು ಕಾಣಬಹುದು. ಇಂತಹ ನಾಡಿನಲ್ಲಿ ಮಾದರಿಗಳನ್ನು ಕಟ್ಟುವವರೂ ಕೂಡಿಡುವವರೂ ಪ್ರತಿಯೊಂದರ ಜೊತೆಯಲ್ಲಿ ಒಂದು ಹಾಳೆಯನ್ನಾದರೂ ಇರಿಸಿ, ಅದರಲ್ಲಿ ಪ್ರಮಾಣ, ವರ್ಷ, ಆಧಾರ, ಊಹೆ ಈ ನಾಲ್ಕನ್ನೂ ಬರೆದಿಡುವ ಸಂಪ್ರದಾಯ ಬೆಳೆಯಬೇಕು. ಕಾಲೇಜುಗಳ ಇತಿಹಾಸ ವಿಭಾಗಗಳು ಇದನ್ನು ವಿದ್ಯಾರ್ಥಿಗಳಿಗೆ ಅಭ್ಯಾಸವಾಗಿ ಕೊಡಬಹುದು. ಖರ್ಚು ಅಲ್ಪ, ಪ್ರಯೋಜನ ದೊಡ್ಡದು. ಮೂಲ ಅಳಿದ ಮೇಲೆ ಪ್ರತಿರೂಪಕ್ಕೆ ಮಾತನಾಡುವ ಅಧಿಕಾರ ಬರುವುದು ಆ ಹಾಳೆಯಿಂದಲೇ.