ಮುಚ್ಚಿದ ಗುಳಿಗಳು

ಸುವರ್ಣಾ ನದಿಯ ದಡದ ಕಲ್ಯಾಣಪುರದ ಸುತ್ತಿನಲ್ಲಿ, ತುಳುನಾಡಿನ ಉಳಿದೆಡೆಯಂತೆಯೇ, ಚೆನ್ನೆಮಣೆ ಆಟಕ್ಕೆ ವರ್ಷದಲ್ಲಿ ಇದ್ದದ್ದು ಒಂದೇ ತಿಂಗಳು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿಯಲ್ಲಿ ಏಣೆಲು ಬೆಳೆಯ ನಾಟಿ ಮುಗಿದಿರುತ್ತದೆ, ಕೋಲ-ಮದುವೆಗಳಿಲ್ಲ, ಹಿಂದೆಲ್ಲ ಮನೆಯ ಅಕ್ಕಿಯೂ ತಳ ಕಂಡಿರುತ್ತಿತ್ತು. ಮಳೆ ಹಿಡಿದು ಕೂರಿಸಿದ ಆ ದಿನಗಳಲ್ಲಿ ಅಟ್ಟದಿಂದ ಇಳಿದ ಮಣೆ ಆಟಿ ಕಳೆದರೆ ಮತ್ತೆ ಅಟ್ಟಕ್ಕೆ ಏರಬೇಕು. ಬೇರೆ ತಿಂಗಳಲ್ಲಿ ಆಡಬಾರದು, ಒಡಹುಟ್ಟಿದವರು ಎದುರುಬದುರು ಕೂರಬಾರದು ಎಂಬ ಎರಡು ಕಟ್ಟುಗಳು ಬಲವಾಗಿದ್ದವು. ಇವನ್ನು ಬರಿಯ ಮೂಢನಂಬಿಕೆ ಎನ್ನಲು ನಾನು ಒಪ್ಪುವುದಿಲ್ಲ. ಆಟದ ಒಳಗೇ ಇರುವ ಎರಡು ಕಷ್ಟಗಳಿಗೆ, ಅಂದರೆ ಮುಗಿಯದ ಮರುಕಳಿಕೆಗೂ ಸೋತವರ ಮೇಲೇ ಬೀಳುವ ಭಾರಕ್ಕೂ, ಜನ ಹೊರಗಿನಿಂದ ಕಟ್ಟಿದ ಒಡ್ಡುಗಳು ಅವು.

ಮಣೆಯಲ್ಲಿ 14 ಗುಳಿ. ಗುಳಿಗೆ ನಾಲ್ಕರಂತೆ 56 ಚೆನ್ನೆಕಾಯಿ. ಒಂದು ಗುಳಿಯ ಕಾಯಿ ಎತ್ತಿ ಒಂದೊಂದೇ ಹಾಕುತ್ತ ಹೋಗಿ, ಮುಗಿದಲ್ಲಿಂದ ಮುಂದಿನ ಗುಳಿಯದನ್ನು ಎತ್ತುವುದು. ಖಾಲಿ ಗುಳಿ ಎದುರಾದರೆ ಅದರಾಚೆಯದು ಗೆಲುವು. ಊರೂರಿಗೆ ಕ್ರಮ ಬೇರೆಯಾದರೂ ಕೈಯ ಕೆಲಸ ಇಷ್ಟೇ. ಪೆಟ್ಟು ಬೀಳುವುದು ಎರಡನೆಯ ಸುತ್ತಿನಲ್ಲಿ. ಒಬ್ಬರಿಗೆ 36, ಇನ್ನೊಬ್ಬರಿಗೆ 20 ಕಾಯಿ ಬಂದರೆ, ಸೋತವರು ಐದೇ ಗುಳಿ ತುಂಬಬಲ್ಲರು. ಉಳಿದೆರಡು ಗುಳಿ ಮುಚ್ಚಿದಂತೆ. ಗೆದ್ದವರು ಏಳನ್ನೂ ತುಂಬಿ ಎಂಟು ಕಾಯಿ ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಸೋಲು ಮುಂದಿನ ಸೋಲಿಗೆ ಬೀಜವಾಗುತ್ತದೆ.

ಇದರ ಕಹಿಯನ್ನು ತುಳುವಿನ ಹಾಡುಗತೆಯಾದ ಸಿರಿ ಪಾಡ್ದನ ಬಲ್ಲದು. ಸಿರಿಯ ಮೊಮ್ಮಕ್ಕಳಾದ ಅವಳಿ ಅಬ್ಬಗ-ದಾರಗ ಚೆನ್ನೆ ಆಡುತ್ತಾ ಜಗಳಕ್ಕಿಳಿದು, ಮಣೆಯೇ ಆಯುಧವಾಗಿ, ಕೊನೆಗೆ ಇಬ್ಬರೂ ಬಾವಿಯ ಪಾಲಾಗುತ್ತಾರೆ. ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಈ ಕಾವ್ಯವನ್ನು ವಿದ್ವಾಂಸರಾದ ಲೌರಿ ಹೊಂಕೊ, ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರು ಬರೆದಿಟ್ಟು, 1998ರಲ್ಲಿ 15,683 ಸಾಲುಗಳ ಪಠ್ಯವಾಗಿ ಹೊರತಂದರು. ಸಮಾನರಾಗಿ ಹುಟ್ಟಿದವರ ನಡುವೆ ಅಸಮಾನತೆ ಸುತ್ತುಸುತ್ತಿಗೂ ಬೆಳೆದರೆ ಏನಾದೀತೆಂದು ಇದಕ್ಕಿಂತ ನಿಷ್ಠುರವಾಗಿ ಹೇಳಿದ ಕಥೆ ನನಗೆ ತಿಳಿದಿಲ್ಲ. ಒಡಹುಟ್ಟಿದವರ ಮೇಲಿನ ನಿಷೇಧ ಈ ಕಥೆಯ ನೆರಳಲ್ಲೇ ನಿಂತಿದೆ.

ಹಾಗಾದರೆ ಆಟವೇ ಕೆಟ್ಟದ್ದಲ್ಲವೇ ಎಂದು ಕೇಳಬಹುದು. ಅಲ್ಲ. ಗುಳಿ ಮುಚ್ಚಿದಾಗ ಮಣೆಯ ಸುತ್ತಳತೆಯೇ ಬದಲಾಗುತ್ತದೆ: 14ರ ಲೆಕ್ಕ 12ರದ್ದಾಗಿ, ಹಳೆಯ ಎಣಿಕೆ ಕೆಲಸಕ್ಕೆ ಬಾರದು. ಕಡಿಮೆ ಕಾಯಿಯವರಿಗೆ ತಲೆ ಓಡಿಸಲು ಅಲ್ಲಿ ಎಡೆಯುಂಟು. 28 ಗಳಿಸಿದರೆ ಮುಚ್ಚಿದ್ದೆಲ್ಲ ತೆರೆಯುತ್ತದೆ. ಅದೃಷ್ಟದ ದಾಳ ಇಲ್ಲಿಲ್ಲ, ಇರುವುದು ಕಣ್ಣು ಮತ್ತು ಲೆಕ್ಕ. ಪಡೆ ಕಟ್ಟಿ ಚೌಕಚೌಕವಾಗಿ ನಡೆಸುವ ಇಂದಿನ ವಿಡಿಯೊ ಗೇಮ್‌ಗಳಲ್ಲಿ 'ಗ್ರೈಂಡಿಂಗ್', ಅಂದರೆ ಬಲ ಕೂಡಿಸಲು ಅದೇ ಕಾಳಗವನ್ನು ಮತ್ತೆ ಮತ್ತೆ ಆಡುವುದು, ಬೇಸರ ತರುವುದು ಈ ಹೊಸ ಲೆಕ್ಕ ಇಲ್ಲದ್ದರಿಂದ. 2003ರ ಡಿಸ್ಗಾಯಾದಲ್ಲಿ ಪಾತ್ರದ ಮಟ್ಟ 9999ರವರೆಗೆ ಏರುತ್ತದೆ. ಅಷ್ಟು ಏರಲು ಗೆದ್ದ ಕಾಳಗವನ್ನೇ ಮತ್ತೆ ಮತ್ತೆ ಗೆಲ್ಲಬೇಕು. ಸೋತವರ ಮೇಲೇ ಬೀಳುವ ಭಾರವೂ ಅಲ್ಲುಂಟು: 1997ರ ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್‌ನ ರಿಯೋವಾನೆಸ್ ಕೋಟೆಯಲ್ಲಿ ನಾಯಕ ಒಂಟಿಯಾಗಿ ಎದುರಾಳಿ ವೀಗ್ರಾಫ್‌ಗೆ ಎದುರಾಗುತ್ತಾನೆ. ಕೋಟೆಯ ಕಾಳಗಗಳ ನಡುವೆ ಸೇವ್ ಮಾಡಿಕೊಂಡವರಿಗೆ ಹೊರಹೋಗಿ ಬಲ ಕೂಡಿಸಿಕೊಳ್ಳುವ ದಾರಿಯೂ ಇರದು. ಕೆಲವರಿಗೆ ಮರುಕಳಿಕೆಯೇ ನೆಮ್ಮದಿ, ದಿನದ ದಣಿವಿಗೆ ಮದ್ದು ಎಂಬ ಮಾತೂ ಸುಳ್ಳಲ್ಲ. ಆಟಿಯ ಮಳೆಯಲ್ಲಿ ಕಾಯಿ ಉದುರಿಸುತ್ತ ಕೂತವರಿಗೂ ಅದೇ ಬೇಕಿತ್ತು. ಆದರೆ ಅವರಿಗೆ ತಿಂಗಳು ಮುಗಿಯುತ್ತಿತ್ತು. ಪರದೆಯ ಆಟಕ್ಕೆ ಆಟಿ ಎಂದೂ ಮುಗಿಯುವುದಿಲ್ಲ.

ಈಗ ಚೆನ್ನೆಮಣೆ ಹೆಚ್ಚಾಗಿ ಕಾಣಸಿಗುವುದು 'ಆಟಿಡೊಂಜಿ ದಿನ'ದ ವೇದಿಕೆಯಲ್ಲಿ, ಪತ್ರೊಡೆ ಮತ್ತು ಪಾಲೆ ಕಷಾಯದ ಪಕ್ಕದಲ್ಲಿ. ಅದೂ ಸಂತೋಷವೇ. ಒಂದೇ ದಿನದಲ್ಲಿ ಮುಚ್ಚಿದ ಗುಳಿ ಮತ್ತೆ ತೆರೆಯುವಷ್ಟು ಹೊತ್ತು ಸಿಗುವುದು ಕಷ್ಟ. ಆದರೂ ಸಂಘಟಕರು ಮೊದಲ ಸುತ್ತಿಗೇ ಬಹುಮಾನ ಹಂಚಿಬಿಡದೆ, ಸೋತವರಿಗೆ ಆ ಐದು ಗುಳಿಗಳನ್ನು ತುಂಬಿಕೊಳ್ಳಲು ಬಿಡಲಿ.