ಹೊಸ ಯಂತ್ರಕ್ಕೆ ಹಳೆಯ ಆಟದ ಹಂಗು

ಇನ್ನೂ ತಯಾರಾಗದ ಒಂದು ಯಂತ್ರಕ್ಕೆ 2008ರ ಸೆಪ್ಟೆಂಬರ್ 30ರಂದು ಮುಂಗಡ ಪಡೆಯುವುದು ಆರಂಭವಾಯಿತು. ಅದರ ಹೆಸರು ಪಂಡೋರಾ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಆದರೂ ಆಟದ ಗುಂಡಿಗಳ ಜತೆಗೆ ಪೂರ್ಣ ಕೀಲಿಮಣೆಯೂ ಉಳ್ಳ ಗಣಕ. ಅದನ್ನು ರೂಪಿಸಿದವರು ದೊಡ್ಡ ಕಂಪೆನಿಯವರಲ್ಲ, ಇಂಗ್ಲೆಂಡ್, ಜರ್ಮನಿ ಮುಂತಾದೆಡೆಯ ಬೆರಳೆಣಿಕೆಯ ಉತ್ಸಾಹಿಗಳು. ಬೆಲೆ 330 ಡಾಲರ್‌ನಷ್ಟು. 4,000ಕ್ಕೂ ಹೆಚ್ಚು ಮಂದಿ ಹೆಸರು ಬರೆಸಿದರು. ಜನರಿಂದ ಹಣ ಎತ್ತುವ ಕೆಲಸಕ್ಕೆ ಹೆಸರಾದ ಕಿಕ್‌ಸ್ಟಾರ್ಟರ್ ಆಗಿನ್ನೂ ಹುಟ್ಟಿರಲಿಲ್ಲ. ಅದು ಬಂದದ್ದು 2009ರಲ್ಲಿ.

‘ಇನ್ನೆರಡು ತಿಂಗಳು’ ಎಂಬ ಮಾತು ಕಾದವರ ನಡುವೆ ನಗೆಮಾತಾಯಿತು. ಮೊದಲ ಪಂಡೋರಾಗಳು ಕೈ ಸೇರಿದ್ದು 2010ರ ಮೇ ತಿಂಗಳಿನಲ್ಲಿ.

ಅಷ್ಟು ಕಾದವರು ಯಂತ್ರವನ್ನು ಬರಿದೇ ಬಳಸಲಿಲ್ಲ. ಅವರೇ ಅದಕ್ಕೆ ಆಟಗಳನ್ನೂ ತಂತ್ರಾಂಶಗಳನ್ನೂ ಬರೆದು ಉಳಿದವರಿಗೆ ಹಂಚಿದರು. ಆದ್ದರಿಂದಲೇ, ಉತ್ತರಾಧಿಕಾರಿ ಯಂತ್ರದ ಮಾತು ಬಂದಾಗ ಒಂದು ಪ್ರಶ್ನೆ ಎದ್ದಿತು: ಹಳೆಯದರಲ್ಲಿ ಓಡುವುದೆಲ್ಲ ಹೊಸದರಲ್ಲೂ ಓಡುತ್ತದೆಯೇ?

ಈ ಪ್ರಶ್ನೆ ಹೊಸದೇನಲ್ಲ. ಜಪಾನಿನ ನಿಂಟೆಂಡೊ 1989ರಲ್ಲಿ ಗೇಮ್ ಬಾಯ್ ತಂದಿತು. 2001ರ ಗೇಮ್ ಬಾಯ್ ಅಡ್ವಾನ್ಸ್‌ಗೆ ಬೇರೆಯೇ ಜಾತಿಯ ಪ್ರೊಸೆಸರ್ ಬಂದರೂ ಹಳೆಯ ಪ್ರೊಸೆಸರನ್ನೂ ಒಳಗೇ ಉಳಿಸಿಕೊಂಡರು. ಹೊಸ ಸೊಸೆ ಬಂದಳೆಂದು ಅಜ್ಜಿಯ ಒಲೆಯನ್ನು ಒಡೆಯಲಿಲ್ಲ ಎನ್ನಬಹುದು. ಆದರೆ 2004ರ ಡಿಎಸ್ ಯಂತ್ರ ಅಡ್ವಾನ್ಸ್‌ನ ಆಟಗಳನ್ನು ಮಾತ್ರ ಇಟ್ಟುಕೊಂಡು, ಮೂಲ ಗೇಮ್ ಬಾಯ್ ಆಟಗಳನ್ನು ಕೈಬಿಟ್ಟಿತು. ಎಲ್ಲಿಯವರೆಗೆ ಹಳೆಯದನ್ನು ಹೊರಬೇಕೆಂಬುದು ಅಲ್ಲಿ ಕಂಪೆನಿಯ ತೀರ್ಮಾನ. ಮುಂಗಡ ಕೊಟ್ಟ ಅಭಿಮಾನಿಗಳ ಯಂತ್ರದಲ್ಲಿ ಹಾಗೆ ತೀರ್ಮಾನಿಸುವುದು ಸುಲಭವಲ್ಲ.

ಪಂಡೋರಾದ ಉತ್ತರಾಧಿಕಾರಿಯ ಹೆಸರು ಪೈರಾ. ಜರ್ಮನಿಯಲ್ಲಿ ಮಿಖಾಯೆಲ್ ಮ್ರೋಜೆಕ್ ಅದರ ಹೊಣೆ ಹೊತ್ತರು. 2014ರಲ್ಲಿ ಯೋಜನೆ ಬಹಿರಂಗವಾಯಿತು. ಎರಡೂ ಯಂತ್ರಗಳ ಮುಖ್ಯ ಚಿಪ್ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಓಮ್ಯಾಪ್ ವಂಶದ್ದೇ (1985ರಲ್ಲೇ ಬೆಂಗಳೂರಿಗೆ ಬಂದು ನೆಲೆಸಿದ ಅದೇ ಕಂಪೆನಿ). ಹಳೆಯದರ ವೇಗ 600 ಮೆಗಾಹರ್ಟ್ಸ್, ಸ್ಮರಣೆ 256 ಎಂಬಿ. ಹೊಸದಕ್ಕೆ 1.5 ಗಿಗಾಹರ್ಟ್ಸ್‌ನ ಎರಡು ಪ್ರೊಸೆಸರ್. ವಂಶ ಒಂದೇ ಆದಮೇಲೆ ತೊಂದರೆ ಏನು?

ಪರದೆಯ ತೊಂದರೆ ಚಿಕ್ಕದು. ಪಂಡೋರಾದ ಪರದೆ 800 x 480 ಬಿಂದುಗಳದು, ಪೈರಾದ್ದು 1280 x 720. ಹಳೆಯ ಚಿತ್ರವನ್ನು ಒಂದೂವರೆ ಪಟ್ಟು ಹಿಗ್ಗಿಸಿದರೆ 1200 x 720 ಆಗುತ್ತದೆ. ಅಕ್ಕಪಕ್ಕ 40 ಬಿಂದುಗಳ ಕಪ್ಪು ಪಟ್ಟಿ ಉಳಿಯುತ್ತದೆ, ಅಷ್ಟೆ. ಕೀಲಿಮಣೆ, ದಿಕ್ಕಿನ ಗುಂಡಿ, ಎರಡು ಪುಟ್ಟ ಸನ್ನೆಗಳು ಹೊಸದರಲ್ಲೂ ಉಳಿದವು. ಬೆರಳಿಗೆ ಅಭ್ಯಾಸವಾದ ಜಾಗ ತಪ್ಪಿದರೆ ಆಟಗಾರ ಮುನಿಯುತ್ತಾನೆ.

ನಿಜವಾದ ತೊಡಕು ಕಣ್ಣಿಗೆ ಕಾಣದ ಕಡೆ ಇತ್ತು. ಪಂಡೋರಾ ಲಿನಕ್ಸ್‌ನ ಆಂಗ್‌ಸ್ಟ್ರಾಮ್ ಆವೃತ್ತಿಯನ್ನು ನೆಚ್ಚಿದರೆ, ಪೈರಾ ಡೆಬಿಯನ್ ಕಡೆಗೆ ಹೊರಳಿತು. ದಶಾಂಶ ಸಂಖ್ಯೆಯೊಂದನ್ನು ತಂತ್ರಾಂಶದ ಒಂದು ಭಾಗ ಇನ್ನೊಂದಕ್ಕೆ ದಾಟಿಸುವಾಗ ಪ್ರೊಸೆಸರ್‌ನೊಳಗಿನ ಯಾವ ಖಾನೆಯಲ್ಲಿ ಇಡಬೇಕೆಂಬ ಕಟ್ಟಳೆ ಎರಡರಲ್ಲೂ ಬೇರೆ. ಹಳೆಯದು ಪೂರ್ಣಾಂಕಗಳ ಖಾನೆಯಲ್ಲೇ ಇಡುತ್ತದೆ. ಹೊಸದು ದಶಾಂಶಕ್ಕೆಂದೇ ಮೀಸಲಾದ ಖಾನೆಯಲ್ಲಿ ಹುಡುಕುತ್ತದೆ. ಬಲಗೈಯಲ್ಲಿ ಚಾಚಿದ ಚಿಲ್ಲರೆಯನ್ನು ಎಡಗೈಯಲ್ಲಿ ತಡಕಾಡಿದ ಹಾಗೆ. ಚಿಪ್‌ಗೆ ಎರಡೂ ಬರುತ್ತದೆ. ಆದರೆ ಹಳೆಯ ಆಟ ಮತ್ತು ಹೊಸ ವ್ಯವಸ್ಥೆ ಒಂದನ್ನೊಂದು ಅರ್ಥಮಾಡಿಕೊಳ್ಳುವುದಿಲ್ಲ.

ಇದಕ್ಕೆ ದಾರಿ ಎರಡು. ಹಳೆಯ ಆಟಗಳಿಗೆ ಬೇಕಾದ ಹಳೆಯ ಸಲಕರಣೆಗಳನ್ನೆಲ್ಲ ಹೊಸ ಯಂತ್ರದೊಳಗೆ ಬೇರೆ ಕೋಣೆಯಲ್ಲಿಟ್ಟು ಸಾಕುವುದು ಒಂದು. ಇದು ಜಾಗವನ್ನೂ ಶ್ರಮವನ್ನೂ ತಿನ್ನುತ್ತದೆ. ಪ್ರತಿ ತಂತ್ರಾಂಶದ ಮೂಲ ಬರಹವನ್ನು ಹೊಸ ಕಟ್ಟಳೆಗೆ ತಕ್ಕಂತೆ ಮತ್ತೆ ಯಂತ್ರಭಾಷೆಗೆ ತಿರುಗಿಸುವುದು ಇನ್ನೊಂದು. ಮೂಲ ಬರಹವೇ ಸಿಗದಿದ್ದರೆ? ಬ್ಲಿಝಾರ್ಡ್ ಕಂಪೆನಿಯ 1998ರ ಸ್ಟಾರ್‌ಕ್ರಾಫ್ಟ್ 2014ರಲ್ಲಿ ಪಂಡೋರಾಕ್ಕೆ ಬಂದದ್ದು ಹೀಗೆ ಮೂಲ ಬರಹವಿಲ್ಲದೆಯೇ. ಇಂಟೆಲ್ ಮಾದರಿಯ ಗಣಕಕ್ಕೆಂದು ಸಿದ್ಧವಾಗಿದ್ದ ಯಂತ್ರಾಜ್ಞೆಗಳನ್ನು ಅಭಿಮಾನಿಯೊಬ್ಬ ಪಂಡೋರಾದ ಎಆರ್‌ಎಂ ಭಾಷೆಗೆ ಅನುವಾದಿಸಿದ್ದ. ಬಿಡುವಿನ ವೇಳೆಯ ಇಂಥ ದುಡಿಮೆಯನ್ನು ‘ಹೊಸ ಯಂತ್ರ ಬಂತು, ಇನ್ನೊಮ್ಮೆ ಮಾಡಿ’ ಎಂದು ಯಾರ ಬಳಿ ಕೇಳುವುದು?

ಇನ್ನೊಂದು ವಿನೋದವೂ ಇದೆ. ಪಂಡೋರಾವನ್ನು ಬಹಳ ಜನ ಕೊಂಡದ್ದೇ ಕೊಮೊಡೋರ್ 64, ಅಮಿಗಾ, ಪ್ಲೇಸ್ಟೇಷನ್‌ನಂಥ ಹಳೆಯ ಯಂತ್ರಗಳನ್ನು ಅನುಕರಿಸಿ, ಅವುಗಳ ಆಟ ಆಡಲು. ಹಳೆಯದನ್ನು ಕಾಪಾಡುವ ಯಂತ್ರವೇ ಹಳೆಯದಾಗಿಬಿಟ್ಟಿತು!

ಪೈರಾ ತಯಾರಕರು ಮುಂದಿನದನ್ನೂ ಯೋಚಿಸಿದ್ದರು. ಪ್ರೊಸೆಸರ್ ಇರುವ ಫಲಕವನ್ನು ಪ್ರತ್ಯೇಕವಾಗಿ ಮಾಡಿ, ಬೇಕಾದಾಗ ಅದೊಂದನ್ನೇ ಬದಲಿಸಲು ಅನುವು ಮಾಡಿದರು. ಆದರೆ ಕಾಲ ಅವರ ಕಡೆ ಇರಲಿಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 2012ರಲ್ಲೇ ಮೊಬೈಲ್ ಫೋನ್ ಚಿಪ್‌ಗಳ ಪೈಪೋಟಿಯಿಂದ ಹಿಂದೆ ಸರಿದಿತ್ತು. ಪೈರಾಕ್ಕೆ ಮುಂಗಡ ಪಡೆಯಲು ತೊಡಗಿದ್ದು 2016ರ ಮೇ ತಿಂಗಳಿನಲ್ಲಿ, ಯಂತ್ರಗಳು ಹೊರಟದ್ದು 2020ರ ಕೊನೆಗೆ. ಅಷ್ಟರಲ್ಲಿ ಸಾಮಾನ್ಯ ಮೊಬೈಲ್ ಫೋನೂ ಅದಕ್ಕಿಂತ ಚುರುಕಾಗಿತ್ತು. ಪೈರಾಕ್ಕೆ ಮುಂಗಡ ಕೊಟ್ಟವರಲ್ಲಿ ಪಂಡೋರಾಕ್ಕಾಗಿ ಕಾದ ಹಳಬರೂ ಇದ್ದರು.

ಇತ್ತ, ಕೆಲವೇ ಸಾವಿರ ಜನರ ಪಂಡೋರಾಕ್ಕೆಂದು ಶುರುವಾದ ಪಿಸಿಎಸ್‌ಎಕ್ಸ್ ರಿಆರ್ಮ್ಡ್ ಎಂಬ ಪ್ಲೇಸ್ಟೇಷನ್ ಅನುಕರಣ ತಂತ್ರಾಂಶದ ಮೂಲ ಬರಹ ಎಲ್ಲರಿಗೂ ಮುಕ್ತವಾಗಿತ್ತು. ಅದು ಯಾರ ಒಪ್ಪಿಗೆಗೂ ಕಾಯದೆ ರಾಸ್ಪ್‌ಬೆರಿ ಪೈ ಮುಂತಾದ ಅಗ್ಗದ ಗಣಕಗಳನ್ನು ಸೇರಿಕೊಂಡಿತು.