ಕೊಯ್ಯುವ ವಿದ್ಯೆ, ಕಟ್ಟುವ ವಿದ್ಯೆ

ಪೊನ್ನಂಪೇಟೆಯ ಕಡೆಯ ಮನೆಯೊಂದರಿಂದ ತಾಯಿಯೊಬ್ಬಳು ಎದೆಯ ಗಂಟಿನ ಚಿಕಿತ್ಸೆಗಾಗಿ ಮೈಸೂರಿಗೋ ಬೆಂಗಳೂರಿಗೋ ಹೊರಟಳೆನ್ನಿ. ಎರಡು ಸ್ತನಗಳನ್ನೂ ತೆಗೆದು, ಆ ಜಾಗದಲ್ಲಿ ಹೊಸದಾಗಿ ಕಟ್ಟಿಕೊಡುತ್ತೇವೆಂದು ವೈದ್ಯರು ಹೇಳಿದಾಗ ಮನೆಯವರು ಕೇಳುವ ಪ್ರಶ್ನೆ ಒಂದೇ: ಜೀವಕ್ಕೆ ಅಪಾಯವಿಲ್ಲ ತಾನೆ? ಆಕೆಯ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆಯೂ ಇರುತ್ತದೆ: ಬದುಕಿ ಬಂದ ಮೇಲೆ ನಾನು ಹೇಗಿರುತ್ತೇನೆ? ಮೊದಲನೆಯ ಪ್ರಶ್ನೆ ಹಳೆಯದು. ಎರಡನೆಯದನ್ನು ಕಿವಿಗೊಟ್ಟು ಕೇಳಲು ವೈದ್ಯಶಾಸ್ತ್ರಕ್ಕೆ ಬಹುಕಾಲ ಹಿಡಿಯಿತು. ಆ ಚರಿತ್ರೆಯನ್ನು ಇಲ್ಲಿ ಸ್ವಲ್ಪದರಲ್ಲಿ ನೋಡೋಣ.

ನೋವು ಮರೆಸುವ ಔಷಧ ಬಳಕೆಗೆ ಬಾರದಿದ್ದ ಕಾಲದಲ್ಲಿ ಈ ಶಸ್ತ್ರಕ್ರಿಯೆ ಹೇಗಿತ್ತೆಂಬುದಕ್ಕೆ ಇಂಗ್ಲಿಷ್ ಕಾದಂಬರಿಕಾರ್ತಿ ಫ್ಯಾನಿ ಬರ್ನಿ ತನ್ನ ಅಕ್ಕನಿಗೆ ಬರೆದ ಕಾಗದವೇ ಸಾಕ್ಷಿ. 1811ರ ಸೆಪ್ಟೆಂಬರ್ 30ರಂದು, ಪ್ಯಾರಿಸಿನ ತನ್ನ ಮನೆಯಲ್ಲಿಯೇ, ನೆಪೋಲಿಯನ್ನನ ಸೈನ್ಯದ ವೈದ್ಯನಾದ ಲಾರೆ ಆಕೆಯ ಸ್ತನವನ್ನು ತೆಗೆದನು. ಆಕೆಗೆ ಕೊಟ್ಟದ್ದು ಸ್ವಲ್ಪ ದ್ರಾಕ್ಷಾರಸ ಮಾತ್ರ. ಮುಖದ ಮೇಲೆ ಹೊದಿಸಿದ ತೆಳುಬಟ್ಟೆಯ ಮೂಲಕ ಕತ್ತಿಯ ಹೊಳಪು ಆಕೆಗೆ ಕಾಣುತ್ತಿತ್ತು. ಅದನ್ನು ಬರೆದು ಮುಗಿಸಲು ಆಕೆಗೆ ತಿಂಗಳುಗಳೇ ಬೇಕಾದವು. ಆದರೂ ಮುಂದೆ 28 ವರ್ಷಕ್ಕೂ ಹೆಚ್ಚು ಕಾಲ ಬದುಕಿದಳು. ಇದಕ್ಕೆ ಏಳು ವರ್ಷ ಮೊದಲೇ, 1804ರಲ್ಲಿ, ಜಪಾನಿನ ಹನವೋಕಾ ಸೈಶು ಎಂಬ ವೈದ್ಯನು ದತ್ತೂರ ಮೊದಲಾದ ಮೂಲಿಕೆಗಳ ಕಷಾಯ ಕುಡಿಸಿ, ಎಚ್ಚರ ತಪ್ಪಿಸಿ, ಇದೇ ಶಸ್ತ್ರಕ್ರಿಯೆ ಮಾಡಿದ್ದನು. ಆ ಸುದ್ದಿ ಆಗ ಯೂರೋಪನ್ನು ಮುಟ್ಟಲಿಲ್ಲ.

1846ರಲ್ಲಿ ಈಥರ್ ಬಂದಿತು; 1867ರಲ್ಲಿ ಲಿಸ್ಟರನು ಗಾಯ ಕೀವಾಗದಂತೆ ತಡೆಯುವ ದಾರಿಯನ್ನು ಪ್ರಕಟಿಸಿದನು. ಇವೆರಡರಿಂದ ಶಸ್ತ್ರವೈದ್ಯರಿಗೆ ಧೈರ್ಯ ಬಂದಿತು. ಅಮೆರಿಕದ ಹಾಲ್‌ಸ್ಟೆಡ್ 1882ರಿಂದ ಸ್ತನವನ್ನಷ್ಟೇ ಅಲ್ಲ, ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದುಹಾಕತೊಡಗಿದನು. ಹೆಚ್ಚು ಕೊಯ್ದಷ್ಟೂ ಕ್ಷೇಮವೆಂಬ ನಂಬಿಕೆ ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು. ರೋಗಿಗೆ ಉಳಿಯುತ್ತಿದ್ದುದು ಗುಳಿಬಿದ್ದ ಎದೆ, ಬಾತ ತೋಳು, ಮೇಲೆತ್ತಲಾಗದ ಕೈ.

ಕೊಯ್ಯುವ ವಿದ್ಯೆ ಹೀಗೆ ಬೆಳೆದರೆ, ಕಟ್ಟುವ ವಿದ್ಯೆಯ ಬೇರು ನಮ್ಮ ದೇಶದಲ್ಲಿದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿಯವನಾಗಿದ್ದ ಕಾವಸ್‌ಜಿ ಎಂಬವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಪುಣೆಯ ಬಳಿಯ, ಇಟ್ಟಿಗೆ ಮಾಡುವ ಕುಲದವನೊಬ್ಬನು ಹಣೆಯ ಚರ್ಮದಿಂದ ಅವನಿಗೆ ಹೊಸ ಮೂಗನ್ನು ಕಟ್ಟಿದನು. ಸುಶ್ರುತ ಸಂಹಿತೆಯಲ್ಲಿಯೂ ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ವಿಧಾನವಿದೆಯಷ್ಟೆ. ಚರ್ಮವನ್ನು ಎತ್ತುವಾಗ ಒಂದು ಕಡೆ ಕಡಿಯದೆ, ಅಲ್ಲಿಂದ ರಕ್ತ ಹರಿಯುವಂತೆ ಉಳಿಸಿಕೊಳ್ಳುವುದೇ ಇದರ ಗುಟ್ಟು. ತಾಯಿಗಿಡದಿಂದ ಬಿಡಿಸದೆ ಕೊಂಬೆಯನ್ನು ಬೆಸೆಯುವ ಕಸಿಯಂತೆ ಇದು. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಈ ಸಂಗತಿಯನ್ನು ಚಿತ್ರಸಹಿತ ಅಚ್ಚುಮಾಡಿತು. ಪಶ್ಚಿಮದ ವೈದ್ಯರು ಅದನ್ನು ನೋಡಿ ಕಲಿತರು.

ಅದೇ ತತ್ತ್ವವನ್ನು 1906ರಲ್ಲಿ ಇಟಲಿಯ ತಾನ್ಸೀನಿ ಎದೆಗೆ ಅನ್ವಯಿಸಿ, ಬೆನ್ನಿನ ಸ್ನಾಯುವನ್ನು ಮುಂದಕ್ಕೆ ತಿರುಗಿಸಿ ಗಾಯವನ್ನು ಮುಚ್ಚಿದನು. ಆದರೆ ಆ ವಿಧಾನ ಮುಂದೆ ಬಹುಕಾಲ ಮೂಲೆಗೆ ಬಿದ್ದಿತ್ತು. 1962ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಸಿಲಿಕೋನ್ ಚೀಲವನ್ನು ಮೊದಲು ಎದೆಯೊಳಗಿಟ್ಟರು. 1982ರಲ್ಲಿ ಹಾರ್ಟ್ರಾಂಫ್ ಎಂಬ ವೈದ್ಯನು ಹೊಟ್ಟೆಯ ಕೊಬ್ಬು ಮತ್ತು ಚರ್ಮದಿಂದ ಸ್ತನ ಕಟ್ಟುವ ಬಗೆಯನ್ನು ಪ್ರಕಟಿಸಿದನು.

ಇತ್ತ 1971ರಲ್ಲಿ ಬರ್ನಾರ್ಡ್ ಫಿಷರನ ಪರೀಕ್ಷೆ ಆರಂಭವಾಯಿತು. ಸ್ನಾಯುವನ್ನು ತೆಗೆದವರಿಗೂ ಉಳಿಸಿಕೊಂಡವರಿಗೂ ಆಯುಸ್ಸಿನಲ್ಲಿ ವ್ಯತ್ಯಾಸವಿಲ್ಲವೆಂದು 25 ವರ್ಷಗಳ ಲೆಕ್ಕ ತೋರಿಸಿತು. ಇಂದು ಅನೇಕರಿಗೆ ಗಂಟನ್ನಷ್ಟೇ ತೆಗೆದು ವಿಕಿರಣ ಕೊಟ್ಟರೆ ಸಾಕು. ಎರಡನ್ನೂ ತೆಗೆಯುವುದು ಎರಡರಲ್ಲಿಯೂ ರೋಗವಿದ್ದಾಗ, ಇಲ್ಲವೆ 1994 ಮತ್ತು 1995ರಲ್ಲಿ ಗುರುತಿಸಲಾದ ಎರಡು ಜೀನುಗಳ ದೋಷದಂಥದು ವಂಶದಲ್ಲಿ ಬಂದಿರುವಾಗ. ಭಯದಿಂದ ಮಾತ್ರ ಒಪ್ಪಿಕೊಳ್ಳುವ ಕೆಲಸ ಇದಲ್ಲ. ಇಬ್ಬರು ವೈದ್ಯರನ್ನು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಇನ್ನು ಆಸ್ಪತ್ರೆಯ ದಿನಗಳು. ಚೀಲವಿಟ್ಟು ಕಟ್ಟಿದರೆ ಸಾಮಾನ್ಯವಾಗಿ ಒಂದೆರಡು ದಿನ, ಹೊಟ್ಟೆಯ ಭಾಗದಿಂದ ಕಟ್ಟಿದರೆ ನಾಲ್ಕೈದು ದಿನ ಅಥವಾ ಹೆಚ್ಚು. ಎರಡನೆಯ ಬಗೆಯಲ್ಲಿ ಮೊದಲ ದಿನಗಳಲ್ಲಿ ದಾದಿಯರು ಗಂಟೆಗೊಮ್ಮೆ ಬಂದು ಹೊಸ ಚರ್ಮದ ಬಣ್ಣವನ್ನೂ ಬಿಸುಪನ್ನೂ ನೋಡುತ್ತಾರೆ. ರಕ್ತ ಹರಿಯುತ್ತಿದೆಯೆಂಬುದಕ್ಕೆ ಅದೇ ಗುರುತು. ಗಾಯದ ನೀರು ಹೊರಬರಲು ಎರಡು ಕಡೆಯೂ ಕೊಳವೆಗಳಿರುತ್ತವೆ. ಮನೆಗೆ ಬಂದ ಮೇಲೂ ಕೆಲವು ದಿನ ಇವು ಇರಬಹುದು. ದಿನವೂ ಎಷ್ಟು ಮಿಲಿಲೀಟರ್ ಬಂದಿತೆಂದು ಅಳೆದು ಬರೆದಿಡುವುದು ಮನೆಯವರ ಕೆಲಸ. ಜ್ವರ ಬಂದರೆ, ಗಾಯ ಕೆಂಪೇರಿದರೆ, ಒಂದು ಕಡೆ ಹಠಾತ್ತಾಗಿ ಊದಿಕೊಂಡರೆ ಆ ದಿನವೇ ಆಸ್ಪತ್ರೆಗೆ ತಿಳಿಸಬೇಕು.

ಕೊಡಗಿನ ಮನೆಗಳಿಗೆ ಎರಡು ಮಾತು ವಿಶೇಷವಾಗಿ ಹೇಳಬೇಕು. ಹೊಸದಾಗಿ ಕಟ್ಟಿದ ಎದೆಗೆ ಸ್ಪರ್ಶಜ್ಞಾನ ಬಹಳ ಕಡಿಮೆ. ಮಳೆಗಾಲದ ಚಳಿಗೆಂದು ಬಿಸಿನೀರಿನ ಚೀಲವನ್ನು ಎದೆಗೆ ಒತ್ತಿಕೊಂಡರೆ, ಒಲೆಯ ಎದುರು ಬಹಳ ಹೊತ್ತು ಕುಳಿತರೆ, ಸುಟ್ಟದ್ದೇ ತಿಳಿಯಲಿಕ್ಕಿಲ್ಲ. ಎರಡನೆಯದು, ಸುಮಾರು ಆರು ವಾರ ಭಾರ ಎತ್ತಬಾರದು. ಕಾಫಿ ಕುಯಿಲಿನ ಕಾಲವೆಂದು ಚೀಲಕ್ಕೆ ಕೈ ಹಾಕಬಾರದು. ಆದರೆ ವೈದ್ಯರು ಹೇಳಿದ ಕೈಯ ವ್ಯಾಯಾಮವನ್ನು ಬಿಡಬಾರದು. ಗೋಡೆಯ ಮೇಲೆ ಬೆರಳುಗಳನ್ನು ಹತ್ತಿಸುತ್ತ ಹೋಗುವ ಅಭ್ಯಾಸದಿಂದ ಹೆಗಲು ಸಡಿಲವಾಗುತ್ತದೆ. ಕೊಡವ ರೀತಿಯಲ್ಲಿ ಸೆರಗನ್ನು ಎದೆಯ ಮೇಲಿಂದ ತಂದು ಬಲಹೆಗಲಿಗೆ ತಾನೇ ಪಿನ್ನು ಹಾಕಿಕೊಳ್ಳುವ ದಿನ ಹಾಗೆಯೇ ಹತ್ತಿರ ಬರುತ್ತದೆ.

ಈ ವ್ಯಾಯಾಮವನ್ನು ರೋಗಿಗಳ ಬಳಿಗೆ ಕೊಂಡೊಯ್ದವರಲ್ಲಿ ಒಬ್ಬಳು ವೈದ್ಯಳಲ್ಲ, ರೋಗಿ. ನ್ಯೂಯಾರ್ಕಿನ ಟೆರೀಸ್ ಲಾಸರ್ 1952ರಲ್ಲಿ ತನಗೇ ಈ ಶಸ್ತ್ರಕ್ರಿಯೆಯಾದ ಮೇಲೆ, ಇನ್ನು ಮುಂದೆ ಹೇಗೆಂದು ಹೇಳುವವರೇ ಇಲ್ಲವೆಂದು ಕಂಡು, ಇತರ ಹೆಂಗಸರ ಹಾಸಿಗೆಯ ಬಳಿಗೆ ತಾನೇ ಹೋಗತೊಡಗಿದಳು. ಇಂಥ ಮಾತು ನಮ್ಮಲ್ಲಿಯೂ ಅಕ್ಕತಂಗಿಯರ ನಡುವೆ ನಡೆಯಬೇಕು. ನಾಚಿಕೆಯಿಂದ ಗಂಟನ್ನು ಮುಚ್ಚಿಟ್ಟಷ್ಟೂ ಕೊಯ್ಯಬೇಕಾದದ್ದು ಹೆಚ್ಚುತ್ತದೆ. ಬೇಗ ತೋರಿಸಿದಷ್ಟೂ ಉಳಿಯುವುದು ಹೆಚ್ಚು.